ಡಾಂಬರಿಗೂ ಸೈ, ಕೆಸರಿಗೂ ಸೈ

ನಮ್ಮ ಮನೆಯ ಸ್ಕೂಟರಿನ ಹ್ಯಾಂಡಲ್ ಇರುವುದು ನನ್ನ ಕೈಯಲ್ಲಿ. ಗಾಡಿ ನಡೆಯುವುದು ಮಾತ್ರ ಹಿಂದಿನ ಸೀಟಿನಿಂದ. ಭಾನುವಾರ ಭಾನುವಾರ ಪುಣೆಯ ಕೋಥರೂಡಿನ ನಮ್ಮ ಸೊಸೈಟಿಯ ಗೇಟು ದಾಟುತ್ತಲೇ ನನ್ನ ಬಲಗಿವಿಯಲ್ಲಿ ಅಖಂಡ ಪಾರಾಯಣ ಸುರುವಾಗುತ್ತದೆ. ಹಾರ್ನ್ ಹೊಡೀರಿ, ಆ ಬಸ್ಸಿನ ಹಿಂದ ಯಾಕ ಹೊಂಟೀರಿ, ಹೊಗಿ ಕುಡೀಲಿಕ್ಕೇನು, ಎಡಕ್ಕ ಅಂದ್ರ ಎಡಕ್ಕ, ಅದು ನಿಮ್ಮ ಎಡ ಅಲ್ರಿ, ನನ್ನ ಎಡ. (ಇಬ್ಬರೂ ಒಂದೇ ದಿಕ್ಕಿಗೆ ಮುಖ ಮಾಡಿ ಕೂತವರಿಗೆ ಎರಡೆರಡು ಎಡ ಹೇಗೆ ಬರುತ್ತವೆ ಎಂದು ಒಮ್ಮೆ ಕೇಳಿದ್ದೆ. ಅವತ್ತು ಸಂಜೆ ಚಹಾ ಸಿಗಲಿಲ್ಲ.) ಈ ಪಾರಾಯಣದ ಪುರೋಹಿತೆ ನನ್ನ ಹೆಂಡತಿ ಸುಲಭಾ. ಆ ಹೆಸರಿಟ್ಟವರು ನಿಪ್ಪಾಣಿಯ ನಮ್ಮ ಮಾವನವರು. ಮದುವೆಯ ಕಾಲಕ್ಕೆ ಅವರು ಹೇಳಿದ ಸುಳ್ಳುಗಳಲ್ಲಿ ಇದೇ ಮೊದಲನೆಯದು.

ನಾನು, ಅಂದರೆ ಗದಗ ಕಡೆಯ ರಾಘಣ್ಣ, ನಿಗಡಿಯಲ್ಲಿ ಹನಿ ನೀರಾವರಿಯ ಪೈಪು ಮಾರುವ ಒಂದು ಕಂಪನಿಯಲ್ಲಿ ಗುಮಾಸ್ತ. ಎರಡು ಸಾವಿರದ ಮೂರನೇ ಇಸವಿಯ ಮಳೆಗಾಲದಲ್ಲಿ ನಮ್ಮಲ್ಲಿ ಶಿರೂರು ತಾಲೂಕಿನ ಫೀಲ್ಡ್ ಆಫೀಸರ್ ಜಾಗ ಖಾಲಿಯಾಯಿತು. ವಾರದ ಆರೂ ದಿನ ಹೊಲ ಹೊಲ ತಿರುಗಿ ರೈತರ ಜೊತೆ ಮಾತಾಡುವ ಕೆಲಸ. ನಮ್ಮ ಮ್ಯಾನೇಜರು ಹರಿಶ್ಚಂದ್ರ ಸಾಹೇಬರು ನನ್ನನ್ನೂ ನನಗಿಂತ ಹತ್ತು ವರ್ಷ ಚಿಕ್ಕವನಾದ ಕುಶಲನನ್ನೂ ಕರೆದು ಹೇಳಿದರು: ಯಾರ ಹತ್ತಿರ ಡಾಂಬರು ರಸ್ತೆಗೂ ಹೊಲದ ದಾರಿಗೂ ಆಗುವ ಸ್ವಂತ ಮೋಟರ್ ಸೈಕಲ್ ಇದೆಯೋ, ಯಾರು ಅದರ ಮೇಲೆ ಶಿರೂರಿನ ಆಚೆಗಿನ ರೈತರ ಮೇಳಾವಕ್ಕೆ, ಅಂದರೆ ಸಮಾವೇಶಕ್ಕೆ, ಸರಿಯಾಗಿ ಬಂದು ಮುಟ್ಟುತ್ತಾರೋ, ಅವರಿಗೆ ಜಾಗ. ಕುಶಲ ಕಾಲು ಮುರಿದುಕೊಂಡು ಪ್ಲಾಸ್ಟರಿನಲ್ಲಿದ್ದ. ಹಾಗಾಗಿ ಮೊದಲ ಸರದಿ ನನ್ನದು. ನಾನು ಎಡವಿದರೆ ಜಾಗ ಅವನದು, ಪ್ಲಾಸ್ಟರು ಬಿಚ್ಚುವವರೆಗೆ ಸಾಹೇಬರು ಕಾಯುತ್ತಾರೆ.

ಮನೆಗೆ ಬರುವ ದಾರಿಯಲ್ಲಿ ನನ್ನ ಕಣ್ಣ ಮುಂದೆ ಒಂದು ಚಿತ್ರ ಬಂತು. ಎರಡೂ ಕಡೆ ಜೋಳ, ಮೇಲೆ ಆಕಾಶ, ನಡುವೆ ನಾನು, ನನ್ನ ಹಿಂದಿನ ಸೀಟು ಖಾಲಿ. ಖರೇ ಹೇಳಬೇಕೆಂದರೆ ನನಗೆ ಆಫೀಸರಗಿರಿ ಬೇಕಿರಲಿಲ್ಲ, ಭತ್ಯೆಯೂ ಬೇಕಿರಲಿಲ್ಲ. ನನಗೆ ಬೇಕಾದದ್ದು ಆ ಖಾಲಿ ಸೀಟು. ಅಯ್ಯೋ ದೇವರೇ, ಅದೊಂದು ಸಿಕ್ಕರೆ ಸಾಕು ಎಂದು ಹಂಬಲಿಸಿದೆ. ಸುಲಭಾಗೆ ಇದನ್ನು ಹೇಳಲಿಲ್ಲ. ಅವಳು 'ಆಫೀಸರ್' ಎಂಬ ಶಬ್ದ ಕೇಳಿಯೇ ಹಿಗ್ಗಿ, ಆ ಸಂಜೆಯೇ ಕನ್ನಡ ಸಂಘದ ಹೆಂಗಸರಿಗೆಲ್ಲ ಸುದ್ದಿ ಮುಟ್ಟಿಸಿದಳು. ಇನ್ನು ಎಡವುವ ಹಾಗೂ ಇರಲಿಲ್ಲ.

ಸುರುವಾಯಿತು ನೋಡಿ ಉಭಯಮಾರ್ಗಸಂಚಾರಿ ದ್ವಿಚಕ್ರವಾಹನದ ಮಹಾ ಅನ್ವೇಷಣೆ. ಮೇಲಿನ ಮನೆಯ ಗುರಣ್ಣ ನನಗೆ ಗುರುವಾದ. ಅವನಿಗೆ ಗಾಡಿ ಇಲ್ಲ, ಅಭಿಪ್ರಾಯಗಳಿವೆ. ಮೈಲೇಜು ಕೊಡುವ ಕುಳ್ಳ ಗಾಡಿ ನನ್ನ ಮನಸ್ಸಿಗೆ ಒಪ್ಪಿತ್ತು. ಹೊಲದ ದಾರಿಯಲ್ಲಿ ಅದರ ಹೊಟ್ಟೆ ಕಲ್ಲಿಗೆ ಬಡಿದು ಎಣ್ಣೆ ಕಾರುತ್ತದೆ ಎಂದ ಗುರಣ್ಣ. ಗುಡುಗುಡು ಸದ್ದಿನ ಭಾರೀ ಗಾಡಿ ನೋಡಿದೆವು. ಅದು ಬಿದ್ದರೆ ಎತ್ತಲು ನಾಲ್ಕು ಜನ ಬೇಕು, ಹೊಲದಲ್ಲಿ ಎಲ್ಲಿಂದ ತರುತ್ತೀ ಎಂದ. ಕೊನೆಗೆ ಆಗತಾನೇ ಬಂದಿದ್ದ 'ದುರ್ಗಮ' ಎಂಬ ಗಾಡಿಯ ಮುಂದೆ ನಿಲ್ಲಿಸಿದ. ಟಾಯರಿಗೆ ಹಲ್ಲು, ಸೈಲೆನ್ಸರು ಸೊಂಟದ ಎತ್ತರಕ್ಕೆ, ಮುಂದಿನ ಮಡ್‌ಗಾರ್ಡು ಚಕ್ರ ಬಿಟ್ಟು ಗೇಣು ಮೇಲೆ ಕೊಕ್ಕಿನ ಹಾಗೆ ಚಾಚಿಕೊಂಡಿತ್ತು. ಡಾಂಬರಿಗೂ ಸೈ, ಕೆಸರಿಗೂ ಸೈ ಎಂದ ಅಂಗಡಿಯವ. ನಾನು ಮೇಲೆ ಹತ್ತಿ ಕೂತೆ. ಕಾಲು ಇಳಿಬಿಟ್ಟೆ. ನೆಲ ಸಿಗಲಿಲ್ಲ.

ಎಡಕ್ಕೆ ವಾಲಿದರೆ ಎಡಗಾಲಿನ ಹೆಬ್ಬೆರಳು ಮುಟ್ಟುತ್ತಿತ್ತು, ಆಗ ಬಲಗಾಲು ಗಾಳಿಯಲ್ಲಿ. ಸಣ್ಣ ಗಾಡಿಯೇ ಸಾಕು ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಸುಲಭಾ ನನ್ನನ್ನು ಇಳಿಸಿ ತಾನು ಹತ್ತಿ ಕೂತಳು. ಅವಳು ನನಗಿಂತ ನಾಲ್ಕು ಬೆರಳು ಎತ್ತರ. (ಮದುವೆಯ ಫೋಟೋದಲ್ಲಿ ನಾನು ಮಣೆಯ ಮೇಲೆ ನಿಂತಿದ್ದೇನೆ.) ಎರಡೂ ಅಂಗಾಲು ನೆಲಕ್ಕೆ ಊರಿ, ಭಾಳ ಛಲೋ ಅದರೀ, ಇದನ್ನs ತಗೋಳ್ಳೋಣು ಎಂದಳು. ಅಂಗಡಿಯವ ಆಮೇಲೆ ಗಾಡಿಯ ಗುಣಗಾನವನ್ನೆಲ್ಲ ಅವಳಿಗೇ ಹೇಳಿದ. ಹೆಂಡತಿಯ ಕಾಲು ಮುಟ್ಟುತ್ತದೆ, ನನ್ನ ಕಾಲು ಮುಟ್ಟುವುದಿಲ್ಲ ಎಂದು ತುಂಬಿದ ಶೋರೂಮಿನಲ್ಲಿ ಹೇಳುವ ಗಂಡಸು ಇನ್ನೂ ಹುಟ್ಟಬೇಕು. ನಾನೂ ಭಾಳ ಛಲೋ ಅದ ಎಂದೆ.

ಗಾಡಿಯ ಎತ್ತರ ಇಳಿಸಲು ಬರುವುದಿಲ್ಲವೆಂದು ನನ್ನದನ್ನೇ ಏರಿಸಲು ನಿಶ್ಚಯಿಸಿ, ಬೂಟಿಗೆ ಅಟ್ಟೆಯ ಮೇಲೆ ಅಟ್ಟೆ ಹಾಕಿಸಿ ತಳ ದಪ್ಪ ಮಾಡಿಸಿದೆ. ಈಗ ಕಾಲು ನೆಲ ಮುಟ್ಟಿತು, ಆದರೆ ಗೇರಿನ ಕೆಳಗೆ ಬೂಟು ತೂರಲಿಲ್ಲ. ಸ್ಕೂಟರಿನ ಗೇರು ಕೈಯಲ್ಲಿ, ಇದರದು ಕಾಲಲ್ಲಿ. ಗಾಬರಿಯಾದಾಗಲೆಲ್ಲ ನನ್ನ ಎಡಗೈ ಹಳೆಯ ರೂಢಿಯಂತೆ ಹ್ಯಾಂಡಲ್ ತಿರುವುತ್ತಿತ್ತು. ಸಿಗ್ನಲ್ಲಿನಲ್ಲಿ ಎಲ್ಲರೂ ಬಿಳಿ ಗೆರೆ ನೋಡಿ ನಿಲ್ಲುತ್ತಿದ್ದರೆ ನಾನು ಫುಟ್‌ಪಾಥಿನ ಕಲ್ಲು ಹುಡುಕಿ ಅದರ ಮೇಲೆ ಕಾಲೂರಿ ನಿಲ್ಲುತ್ತಿದ್ದೆ. ಹಾಗೆ ನಿಂತು ಸಿಗ್ನಲ್ಲು ಬಿಟ್ಟಾಗ ಬೇರೆ ರಸ್ತೆಗೆ ತಿರುಗಿದ್ದೂ ಉಂಟು. ಹೊಲದಲ್ಲಿ ಫುಟ್‌ಪಾಥು ಇರುವುದಿಲ್ಲ ಎಂಬುದು ಮಾತ್ರ ತಲೆಯಿಂದ ಹೋಗುತ್ತಿರಲಿಲ್ಲ.

ಮೇಳಾವದ ಭಾನುವಾರ ಬಂತು. ಬೆಳಿಗ್ಗೆ ನಾನು ಹೊರಡುವ ಹೊತ್ತಿಗೆ ಸುಲಭಾ ಪಂಜಾಬಿ ಡ್ರೆಸ್ಸು ಹಾಕಿ, ಓಢಣಿ ಬಿಗಿದು ಕಟ್ಟಿಕೊಂಡು ಗಾಡಿಯ ಪಕ್ಕದಲ್ಲಿ ನಿಂತಿದ್ದಳು. ಇದೇನು ಎಂದೆ. ಸಾಹೇಬರ ಮುಂದ ನೀವು ಬೆಬ್ಬೆಬ್ಬೆ ಅಂತೀರಿ, ನಾ ಇರತೀನಿ ಎಂದಳು. ಹೋಗಲಿ, ಇದೊಂದು ದಿನ. ನಾಳೆಯಿಂದ ಈ ಸೀಟು ಖಾಲಿ ಎಂದು ಹಲ್ಲು ಕಚ್ಚಿ ಹತ್ತಿಸಿಕೊಂಡೆ.

ಶಿರೂರಿಗೆ ಹೋಗುವ ನಗರ ರೋಡಿನಲ್ಲಿ ಲಾರಿಗಳ ನಡುವೆ ಜೀವ ಕೈಯಲ್ಲಿ ಹಿಡಿದು ಹೋದೆ. ಶಿರೂರು ದಾಟಿ, ಡಾಂಬರು ಬಿಟ್ಟು ಹೊಲದ ದಾರಿಗೆ ಇಳಿದ ಮೇಲೆ ಆಶ್ಚರ್ಯವಾಯಿತು. ಗಾಡಿ ಗುಂಡಿಗಳನ್ನು ಲೆಕ್ಕಕ್ಕೇ ಇಡಲಿಲ್ಲ. ಕಲ್ಲು ಬಂದರೂ ಹಾರಿ ಇಳಿಯಿತು. ನಿಲ್ಲದಿದ್ದರೆ ಕಾಲೂರುವ ಪ್ರಶ್ನೆಯೇ ಇಲ್ಲ ಎಂಬ ತತ್ತ್ವ ಹೊಳೆದು, ಜನ್ಮದಲ್ಲಿ ಮೊದಲ ಸಲ ಮೂರನೇ ಗೇರಿನಲ್ಲಿ ನಕ್ಕೆ. ಹೆಲ್ಮೆಟ್ಟಿನೊಳಗೆ ಪಾರಾಯಣವೂ ಅರ್ಧಮರ್ಧ ಕೇಳುತ್ತಿತ್ತು. ದೂರದಲ್ಲಿ ಮೇಳಾವದ ಪೆಂಡಾಲು ಕಂಡಿತು. ದಾರಿ ಇಳಿಜಾರಾಗಿ ಒಂದು ತಿರುವು ತಿರುಗಿತು. ಆಗ ಸುಲಭಾ ನನ್ನ ಬೆನ್ನಿಗೆ ಗುದ್ದಿದಳು.

"ಓಢಾ ರೀ, ಓಢಾ!"

ನನಗೆ ಕೇಳಿದ್ದು 'ಓಡ್ರೀ, ಓಡ'. ಗಾಡಿಗೆ ಹೊಡೀರಿ ಎನ್ನಬೇಕು, ಇವಳು ಓಡ್ರಿ ಎನ್ನುತ್ತಾಳಲ್ಲ, ಬಹುಶಃ ಹಿಂದೆ ನಾಯಿ ಬೆನ್ನು ಹತ್ತಿರಬೇಕು ಎಂದುಕೊಂಡೆ. ಹೆಂಡತಿಯ ಮಾತಿಗೆ ಎದುರಾಡಿ ನನಗೆ ಗೊತ್ತಿಲ್ಲ. ಎಕ್ಸಲೇಟರು ತಿರುವಿದೆ. ಅವಳು ಇನ್ನೂ ಜೋರಾಗಿ ಕೂಗಿದಳು, ನಾನು ಇನ್ನೂ ಜೋರಾಗಿ ತಿರುವಿದೆ. ನಾಯಿ ದೊಡ್ಡದೇ ಇರಬೇಕೆಂದು ಅವಳ ಮೇಲೆ ಕನಿಕರವೂ ಬಂತು. ತಿರುವು ಮುಗಿದಲ್ಲಿ ದಾರಿಯೂ ಮುಗಿದಿತ್ತು. ಅಲ್ಲಿಂದ ಮುಂದೆ ಕೆಂಪು ನೀರು.

ದುರ್ಗಮ ಧೈರ್ಯವಾಗಿ ನಟ್ಟನಡುವಿನವರೆಗೆ ಹೋಗಿ ಅಲ್ಲಿ ಉಸಿರು ಬಿಟ್ಟಿತು. ಕಾಲೂರಿದೆ. ಬೂಟಿನ ಅಟ್ಟೆಗಳು ಕೆಸರಿನಲ್ಲಿ ಹೂತು ಕೂತವು, ನಾನು ಮೆಲ್ಲಗೆ ವಾಲಿ, ಗಾಡಿಸಮೇತ ಶೇಷಶಾಯಿಯಾದೆ. ಎದ್ದು ನೋಡಿದರೆ ಸುಲಭಾ ಮೊಣಕಾಲುದ್ದದ ನೀರಿನಲ್ಲಿ ನೆಟ್ಟಗೆ ನಿಂತಿದ್ದಾಳೆ. ಮೇಲೆ ಒಂದು ಹನಿ ತಾಗಿಲ್ಲ.

"ಓಡು ಅಂತ ನೀನs ಅಂದಿ ಅಲ್ಲ?" ಎಂದೆ.

"ಓಡು ಅಂದೆನೇನ್ರಿ? ಓಢಾ ಅಂದೆ. ಹಳ್ಳರೀ, ಹಳ್ಳ. ಮರಾಠ್ಯಾಗ ಹಳ್ಳಕ್ಕ ಓಢಾ ಅಂತಾರ."

"ಹಳ್ಳ ಅಂತ ಕನ್ನಡದಾಗ ಅನ್ನಲಿಕ್ಕೆ ಬಾಯಿ ಬಿದ್ದಿತ್ತೇನು?"

"ಅಂಜಿಕಿ ಬಂದಾಗ ತವರಮನಿ ಮಾತs ಬರತದರೀ," ಎಂದಳು.

ನಿಪ್ಪಾಣಿಯವರಿಗೆ ಎರಡೂ ಭಾಷೆ ಒಂದೇ ಬಾಯಿಯಲ್ಲಿ. ನಾನೋ, ಪುಣೆಗೆ ಬಂದು ಎಂಟು ವರ್ಷವಾದರೂ ನನ್ನ ಮರಾಠಿ ಆಫೀಸಿನ ಕಾಗದ, ಮಂಡಿಯ ಕಾಯಿಪಲ್ಲೆ ಇವೆರಡರ ಆಚೆ ಹೋದದ್ದಲ್ಲ. ಕೋಥರೂಡಿನಲ್ಲಿ ಹರಿಯುವುದನ್ನೆಲ್ಲ ನಾಲಾ ಎನ್ನುತ್ತಾರೆ. ಹಳ್ಳಿಯ ಓಢಾ ನನ್ನ ಕಿವಿಗೆ ಬಿದ್ದೇ ಇರಲಿಲ್ಲ. ಸಾಹೇಬರಿಗೆ ಮಾತ್ರ ನನ್ನ ಮರಾಠಿ ಉತ್ತಮ ಎಂದು ಬರೆದುಕೊಟ್ಟಿದ್ದೆ.

ಅಷ್ಟರಲ್ಲಿ ಪೆಂಡಾಲಿನಿಂದ ರೈತರು ಓಡಿ ಬಂದರು. ಹಿಂದೆಯೇ ಹರಿಶ್ಚಂದ್ರ ಸಾಹೇಬರೂ ಬಂದು ದಡದಲ್ಲಿ ನಿಂತರು. ರೈತರು ಗಾಡಿಗೆ ಹಗ್ಗ ಕಟ್ಟಿ, ಒಂದು ತುದಿ ತಾವು ಹಿಡಿದು, ಹ್ಯಾಂಡಲ್ಲಿನ ಕಡೆ ನನ್ನನ್ನು ನಿಲ್ಲಿಸಿ ಒಕ್ಕೊರಲಿನಿಂದ ಕೂಗಿದರು: "ಓಢಾ, ಸಾಹೇಬ, ಓಢಾ!"

ಸಾಹೇಬರು ನೋಡುತ್ತಿದ್ದಾರೆ. ನನ್ನ ಭಾಷಾಜ್ಞಾನ ತೋರಿಸಲು ಇದೇ ಸಮಯವೆಂದು ನಾನು ಗಂಭೀರವಾಗಿ ತಲೆಯಾಡಿಸಿ, "ಹೋ ಹೋ, ಓಢಾ ಆಹೆ, ಮಾಹೀತ್ ಆಹೆ" ಎಂದೆ. ಹೌದು, ಹಳ್ಳವಿದೆ, ಗೊತ್ತಿದೆ ಎಂದು. ಅವರು ಮತ್ತೆ ಕೂಗಿದರು. ನಾನು ಮತ್ತೆ ಒಪ್ಪಿಕೊಂಡೆ. ಹಗ್ಗ ಹಿಡಿದವರು ಒಬ್ಬೊಬ್ಬರಾಗಿ ಹಗ್ಗ ಬಿಟ್ಟು ಹೊಟ್ಟೆ ಹಿಡಿದುಕೊಂಡು ಕೂತರು.

"ಅಲ್ರೀ, ಎಳೀರಿ ಅನ್ನಲಿಕತ್ತಾರ," ಎಂದಳು ಸುಲಭಾ. "ಎಳೀರಿ ಅನ್ನೋದಕ್ಕೂ ಓಢಾ ಅಂತಾರ."

ಒಂದೇ ಶಬ್ದವನ್ನು ಹಳ್ಳಕ್ಕೂ ಎಳೆಯುವುದಕ್ಕೂ ಇಟ್ಟುಕೊಂಡ ಜನರ ಜಿಪುಣತನಕ್ಕೆ ಏನೆನ್ನಬೇಕು? ಎಳೆದೆ. ಗಾಡಿ ಬಂತು, ಬೂಟುಗಳು ಬರಲಿಲ್ಲ. ಮೇಳಾವಕ್ಕೆ ನಾನು ಬರಿಗಾಲಿನಲ್ಲಿ, ನನ್ನ ದೇವರು ಕೊಟ್ಟ ಎತ್ತರದಲ್ಲಿಯೇ ಹೋದೆ. ಸಾಹೇಬರ ಮುಂದೆ ನಿಂತಾಗ, ನನ್ನವ್ವನಾಣೆ, ಬೆಬ್ಬೆಬ್ಬೆ ಎಂದೆ. ಜಾಗ ಹೋಯಿತು, ಖಾಲಿ ಸೀಟು ಹೋಯಿತು ಎಂದುಕೊಂಡೆ. ಪೆಂಡಾಲಿನ ಮೂಲೆಯಲ್ಲಿ ಕೂತು ನೀರು ಹಿಂಡಿಕೊಳ್ಳುತ್ತಿದ್ದೆ.

ಇತ್ತ ಸುಲಭಾ ಹೆಂಗಸರ ನಡುವೆ ಕೂತು ಮಾತಿಗೆ ತೊಡಗಿದ್ದಳು. ಎಂಟು ವರ್ಷ ಊಟಕ್ಕೆ ಕೂತಾಗಲೆಲ್ಲ ನಾನು ಪೈಪಿನ ಪುರಾಣ ಹೇಳಿದ್ದೆ. ಕೇಳುತ್ತಿಲ್ಲವೆಂದು ತಿಳಿದಿದ್ದೆ, ಅಕ್ಷರ ಅಕ್ಷರ ಕೇಳಿದ್ದಳು. ಟೊಮ್ಯಾಟೊಗೆ ಎಂಥ ಪೈಪು, ಕಬ್ಬಿಗೆ ಎಂಥದ್ದು ಎಂದು ನಿಪ್ಪಾಣಿ ಮರಾಠಿಯಲ್ಲಿ ಬಿಡಿಸಿ ಹೇಳಿದಳು. ಅವರು ತಂತಮ್ಮ ಗಂಡಂದಿರನ್ನು ಕರೆದು ಪೈಪು ಕೊಳ್ಳಲು ಆಜ್ಞೆ ಮಾಡಿದರು. ಸಾಹೇಬರು ಇದನ್ನೆಲ್ಲ ನೋಡಿ ನನ್ನ ಬಳಿ ಬಂದು ಬೆನ್ನು ತಟ್ಟಿದರು. ಜಾಗ ನಿಮಗೇ ರಾಘಣ್ಣ, ಒಂದೇ ಕರಾರು: ಪ್ರತಿ ಸಲ ವಹಿನಿಯವರು, ಅಂದರೆ ನಿಮ್ಮ ಮನೆಯವರು, ಜೊತೆಗೆ ಬರಬೇಕು, ಅವರಿಗೂ ಕಂಪನಿ ಪಗಾರ ಕೊಡುತ್ತದೆ ಎಂದರು.

ವಾರದಲ್ಲಿ ಒಂದು ಭಾನುವಾರವಿದ್ದ ಪಾರಾಯಣ ಈಗ ಆರು ದಿನವಾಯಿತು. ಕುಶಲನ ಮುರಿದ ಕಾಲಿನ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು.

ಶಿರೂರಿನ ದಾರಿಯಲ್ಲಿ ನನ್ನ ಕಾಲು ನೆಲ ಮುಟ್ಟದ್ದು ಅವಳಿಗೆ ತಿಳಿಯಲು ಬಹಳ ದಿನ ಬೇಕಾಗಲಿಲ್ಲ. ಬೈಯಲಿಲ್ಲ, ಗುರಣ್ಣನಿಂದ ಗೇರು ಕಲಿತು ಲೈಸನ್ಸು ಮಾಡಿಸಿಕೊಂಡು ಬಂದಳು. ಮರುದಿನ ಬೆಳಿಗ್ಗೆ ಮುಂದಿನ ಸೀಟಿನಲ್ಲಿ ಕೂತು, ಎರಡೂ ಅಂಗಾಲು ನೆಲಕ್ಕೂರಿ, ಹತ್ರಿ ಎಂದಳು. ನಾನು ಹಿಂದೆ ಹತ್ತಿದೆ. ಮೊದಲು ಅವಮಾನವಾಯಿತು. ನಗರ ರೋಡು ಸೇರುವ ಹೊತ್ತಿಗೆ ಹೊಳೆಯಿತು: ಇಷ್ಟು ವರ್ಷ ನಾನು ತಪ್ಪು ಸೀಟಿನಲ್ಲಿ ಕೂತಿದ್ದೆ. ಗಾಡಿ ನಡೆಸುವುದು ಹಿಂದಿನ ಸೀಟಲ್ಲವೇ, ಈಗ ಅದು ನನ್ನದು. ಮುಂದೆ ಒಂದು ಬಸ್ಸು ಹೊಗೆ ಬಿಡುತ್ತಾ ಹೋಗುತ್ತಿತ್ತು. ನಾನು ಗಂಟಲು ಸರಿಮಾಡಿಕೊಂಡು, ಅವಳ ಬಲಗಿವಿಯ ಹತ್ತಿರ ಬಾಗಿ, ಸುಲಭಾ, ಆ ಬಸ್ಸಿನ ಹಿಂದ ಯಾಕ ಹೊಂಟಿ ಎಂದು ಸುರುಮಾಡಿದೆ.

"ಸುಮ್ಮ ಕೂಡ್ರಿ," ಎಂದಳು. "ಗಾಡಿ ಹೊಡಿಯೋರ ಕಿವ್ಯಾಗ ಹಂಗ ಒದರಬಾರದು."