ಶುಂಠಿಗೊಂದು ತಿದ್ದುಪಡಿ

"ಇನ್ನು ಮೇಲೆ ಈ ಮನೆಯೊಳಗೆ ಒಂದೇ ಒಂದು ನೋವಿನ ಮಾತ್ರೆ ಕಾಲಿಡಕೂಡದು!" ಎಂದು ಕರಡಪ್ಪನವರು ಘೋಷಿಸಿದಾಗ ಬೆಳಗಿನ ಒಂಬತ್ತೂವರೆ. ತಲೆ ಸಿಡಿಯುತ್ತಿತ್ತು.

ಕರಡಪ್ಪ ಅವರ ನಿಜವಾದ ಹೆಸರಲ್ಲ. ಮುದ್ರಣಾಲಯದಲ್ಲಿ ಮೂವತ್ತು ವರ್ಷದಿಂದ ಕರಡು ತಿದ್ದುತ್ತಿದ್ದಾರಲ್ಲ, ಅದಕ್ಕೇ ಅಂಟಿಕೊಂಡ ಹೆಸರು. ಬೆನ್ನ ಹಿಂದೆ ಅದು ಬರೀ "ಕರಡಿ". ಅಂದು ಸಂಜೆ ಐದಕ್ಕೆ 'ತಪ್ಪಿಲ್ಲದ ಮೂವತ್ತು ವರ್ಷ' ಎಂದು ಅವರಿಗೆ ಸನ್ಮಾನ. ಅಲ್ಲಿಯವರೆಗೆ ರಜೆ. ಸನ್ಮಾನದ ಫೋಟೊ ಕಚೇರಿಯ ಗೋಡೆಗೆ ಏರಲಿತ್ತು! ಭಾಷಣ ನೆನೆದೇ ತಲೆನೋವು ಬಂದದ್ದೆಂಬುದು ನಮ್ಮ ನಿಮ್ಮೊಳಗೇ ಇರಲಿ.

"ಸುಮ್ನೆ ಒಂದು ಮಾತ್ರೆ ನುಂಗಿ," ಎಂದರು ಕೆಲಸಕ್ಕೆ ಹೊರಟಿದ್ದ ಹೆಂಡತಿ.

"ಮಾತ್ರೆ ಇರಬೇಕಾದ್ದು ಪದ್ಯದಲ್ಲಿ ಕಣೇ, ಹೊಟ್ಟೆಯಲ್ಲಲ್ಲ! ನಿಮ್ಮಮ್ಮ ಬರೆದುಕೊಟ್ಟ ಮನೆಮದ್ದಿನ ಚೀಟಿ ಎಲ್ಲಿ?"

ಚೀಟಿ ಸಿಕ್ಕಿತು. "ತಲೆನೋವಿಗೆ: ಒಣಶುಂಠಿ ಅರೆದು ಹಣೆಗೆ ಹಚ್ಚಿ. ಅರೆ ಗಂಟೆ ಬಿಟ್ಟು ತೊಳೆಯಿರಿ."

ಕರಡಪ್ಪನವರ ಕೈ ತಾನಾಗಿಯೇ ಕೆಂಪು ಪೆನ್ನಿಗೆ ಹೋಯಿತು.

"ನೋಡಿದ್ಯಾ? ಮೇಲಿನ ಸಾಲಿನ 'ಅರೆ' ಕೈತಪ್ಪಿ ಕೆಳಗೂ ಇಳಿದಿದೆ. ಅರೆ ಗಂಟೆ ಅಂತ ಯಾರಾದ್ರೂ ಅಂತಾರಾ? ಇದು 'ಆರು ಗಂಟೆ'!"

"ಅಮ್ಮನಿಗೆ ಒಂದು ಫೋನ್ ಮಾಡಿ ಕೇಳಿ."

"ಅಕ್ಷರದ ವಿಷಯ ನನಗೆ ಹೇಳ್ಕೊಡ್ಬೇಡ!"

ಹೆಂಡತಿ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು.

ಹತ್ತಕ್ಕೆ ಲೇಪ ಹಣೆಗೇರಿತು. ಹತ್ತೂವರೆಗೆ ತಲೆನೋವು ಮಾಯ! ನ್ಯಾಯವಾಗಿ ಕಥೆ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ತಿದ್ದಿದ ಮೇಲೆ ತಿದ್ದಿದಂತೆಯೇ ನಡೆಯಬೇಕಲ್ಲ! ಹನ್ನೊಂದಕ್ಕೆ ಹಣೆ ಚುರುಗುಟ್ಟಿತು. ಮದ್ದು ಕೆಲಸ ಮಾಡುತ್ತಿದೆ ಎಂದು ಬೀಗಿದರು. ಒಂದಕ್ಕೆ ಉರಿ ತಾಳಲಾರದೆ ಹಳೆಯ ಪುಸ್ತಕದ ರಟ್ಟಿನಿಂದ ಗಾಳಿ ಬೀಸಿಕೊಂಡರು. ಮೂರಕ್ಕೆ ಕಣ್ಣಲ್ಲಿ ಧಾರಾಕಾರ ನೀರು. ಭಾಷಣದ ಹಾಳೆಯೇ ಕಾಣಲಿಲ್ಲ. ಸರಿಯಾಗಿ ನಾಲ್ಕಕ್ಕೆ ತೊಳೆದು ಕನ್ನಡಿ ನೋಡಿದರೆ, ಹುಬ್ಬಿನಿಂದ ಕೂದಲವರೆಗೆ ಅಂಗೈ ಅಗಲದ ಕೆಂಪು ಪಟ್ಟಿ!

ಅತ್ತೆಗೆ ಫೋನ್ ಮಾಡಿದರು.

"ಆರು ಗಂಟೆನಾ? ಅಯ್ಯೋ ಅಳಿಯಂದಿರೇ, ಅರ್ಧ ಗಂಟೆ! 'ಅರ್ಧ' ಬರೆಯೋವಾಗ 'ಧ'ದ ಹೊಟ್ಟೆ ಸೀಳೋದು ಮರೆತ್ರೆ ನೀವು ಕೆಂಪು ಪೆನ್ನು ಹಿಡ್ಕೊಂಡು ಬರ್ತೀರಲ್ಲ, ಆ ಹೆದರಿಕೆಗೇ 'ಅರೆ' ಅಂತ ಬರೆದೆ!"

ಕರಡಪ್ಪನವರು ಫೋನ್ ಕೆಳಗಿಡುವುದಕ್ಕೂ ಹೆಂಡತಿ ಒಳಗೆ ಬರುವುದಕ್ಕೂ ಸರಿಹೋಯಿತು.

"ಏನೇ... ನಿನ್ನ ಚೀಲದಲ್ಲಿ ಒಂದು ಮಾತ್ರೆ ಇದ್ಯಾ?" ಎಂದರು, ಪಿಸುಮಾತಿನಲ್ಲಿ. ತಲೆನೋವು ವಾಪಸು ಬಂದಿತ್ತು. "ಈ ಮುಖ ಇಟ್ಕೊಂಡು ಫೋಟೊಗೆ ಹೇಗೆ ನಿಲ್ಲಲಿ?"

ಹೆಂಡತಿ ಮಾತ್ರೆ ಕೊಟ್ಟರು, ನೀರು ಕೊಟ್ಟರು, ಹಣೆಯನ್ನು ನಿಧಾನವಾಗಿ ನೋಡಿದರು.

"ಧೈರ್ಯವಾಗಿ ನಿಲ್ಲಿ. ಮೂವತ್ತು ವರ್ಷದಲ್ಲಿ ಕೆಂಪು ಗುರುತು ಸರಿಯಾಗಿ ತಪ್ಪು ಇರೋ ಜಾಗದಲ್ಲೇ ಬಿದ್ದಿರೋದು ಇವತ್ತೇ!"