ಲೋಗೋ ತೆಗೆದ ಪರದೆಯ ಪ್ರಸಂಗಗಳು

ಆಳಂದದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವಳು ನಗುವಿಗಾಗಿ ಎಲ್ಲೂ ಹುಡುಕಿಕೊಂಡು ಹೋಗಬೇಕಿಲ್ಲ, ಅದು ತಾನೇ ಬಸ್ಸು ಹತ್ತಿ ಬರುತ್ತದೆ. ನನ್ನ ಅಂಗಡಿಗೆ ಬರುವ ಅರ್ಧ ನಗು ನನ್ನ ಒಂದು ಹಟದಿಂದ ಹುಟ್ಟಿದ್ದು. ಕಂಪ್ಯೂಟರ್ ಹಚ್ಚಿದ ಕೂಡಲೇ ಅದರೊಳಗಿನ ಯಜಮಾನ, ಕರ್ನಲ್ ಅಂತಾರಲ್ಲ ಅದು, ಮೆಮೊರಿ ಇದೆಯೇ, ಡಿಸ್ಕ್ ಇದೆಯೇ, ಕೀಬೋರ್ಡ್ ಇದೆಯೇ ಎಂದು ಒಂದೊಂದನ್ನೇ ವಿಚಾರಿಸಿ ಸಾಲು ಸಾಲಾಗಿ ಬರೆಯುತ್ತಾ ಹೋಗುತ್ತದೆ. ಎಲ್ಲರೂ ಅದರ ಮೇಲೆ ಚಂದದ ಲೋಗೋ ಮುಚ್ಚುತ್ತಾರೆ. ನಾನು ಆ ಲೋಗೋ ತೆಗೆಯುತ್ತೇನೆ. ನಾನು ಲಿನಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿಕೊಟ್ಟ ಕಂಪ್ಯೂಟರ್ ಕಪ್ಪು ಪರದೆಯ ಮೇಲೆ ಅಕ್ಷರ ಓಡಿಸಿಯೇ ಏಳಬೇಕು. ಸಾಲು ಎಲ್ಲಿ ನಿಂತಿತೋ ರೋಗ ಅಲ್ಲಿದೆ ಎಂದು ತಿಳಿಯುತ್ತದೆ.

ಅಂಗಡಿಯ ಜಾಗ ಅಬ್ಬಾನದು. ಖಜೂರಿ ರಸ್ತೆಯ ಲಾರಿಗಳನ್ನೆಲ್ಲ ಬಿಚ್ಚಿ ಕಟ್ಟಿದ ಮೆಕ್ಯಾನಿಕ್ ಅವರು. ಗ್ಯಾರೇಜಿನ ಮುಂಭಾಗ ನನಗೆ ಬಿಟ್ಟುಕೊಟ್ಟರು, ರಮ್ಜಾನ್ ಒಳಗೆ ಅಂಗಡಿ ತನ್ನ ಕಾಲ ಮೇಲೆ ನಿಲ್ಲದಿದ್ದರೆ ಬೇರೆಯವರಿಗೆ ಬಾಡಿಗೆಗೆ ಕೊಡುತ್ತೇನೆ ಎಂಬ ಷರತ್ತಿನ ಮೇಲೆ. ಕೈ ಕರಿ ಆಗದ ಕೆಲಸ ಅವರ ಪಾಲಿಗೆ ಮೆಕ್ಯಾನಿಕ್ ಕೆಲಸವೇ ಅಲ್ಲ. ಯಾರಾದರೂ ನನ್ನ ಬಗ್ಗೆ ಕೇಳಿದರೆ, "ಮಗಳು ಟಿವಿ ಮುಂದ ಕೂಡ್ತಾಳ್ರಿ" ಎನ್ನುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು.

ಜೇವರ್ಗಿಯ ಊದಿನಕಡ್ಡಿ

ಜೇವರ್ಗಿಯಲ್ಲಿ ತೊಗರಿ ಅಡತಿ ಮಾಡುವ ಒಬ್ಬ ಸಾಹುಕಾರರಿದ್ದಾರೆ. ಬೆಳಿಗ್ಗೆ ಅಂಗಡಿ ತೆಗೆದು ತಕ್ಕಡಿಗೆ, ಗಲ್ಲಾಪೆಟ್ಟಿಗೆಗೆ ಊದಿನಕಡ್ಡಿ ಬೆಳಗಿದಂತೆ ಕಂಪ್ಯೂಟರಿಗೂ ಬೆಳಗುತ್ತಾರೆ. ಪರದೆಯ ಮೇಲೆ ಸಾಲು ಓಡುವಷ್ಟು ಹೊತ್ತು ಪೂಜೆ. ಅದು ಮುಗಿಯುವ ತನಕ ಹಮಾಲರೂ ಚೀಲ ಇಳಿಸಿ ಸುಮ್ಮನೆ ನಿಲ್ಲಬೇಕು.

ಕಂಪ್ಯೂಟರ್ ನಿಧಾನ ಆಗಿದೆ ಎಂದರು. ನಾನು ಹೊಸ ಡಿಸ್ಕ್ ಹಾಕಿ, ಕಣ್ಣು ಮುಚ್ಚಿ ತೆಗೆಯುವುದರೊಳಗೆ ಏಳುವಂತೆ ಮಾಡಿಕೊಟ್ಟು, ಎದೆ ಉಬ್ಬಿಸಿಕೊಂಡು ಬಂದೆ. ಆ ವಾರವೇ ಸಾಹುಕಾರರ ಫೋನು, ಸಿಟ್ಟಿನ ದನಿಯಲ್ಲಿ. ಏನು ಕೆಟ್ಟಿತೋ ಎಂದು ಬಸ್ಸು ಹಿಡಿದು ಓಡಿದೆ. ಕಂಪ್ಯೂಟರ್ ಗಟ್ಟಿಮುಟ್ಟಾಗಿಯೇ ಇತ್ತು.

"ಭಾಳ ಜಲ್ದಿ ಆತ್ರಿ ಮೇಡಮ್ಮರ," ಎಂದರು ಸಾಹುಕಾರರು. "ನಾ ಕಡ್ಡಿ ಗೀರೂದ್ರೊಳಗ ಇದು ಎದ್ದು ಕುಂತಿರ್ತದ. ಪೂಜಿ ಯಾರಿಗಿ ಮಾಡ್ಲಿ?"

ಒಂದೊಂದು ಸಾಲು ಬರೆದ ಮೇಲೆ ಸ್ವಲ್ಪ ತಡೆದು ಮುಂದೆ ಹೋಗು ಎಂದು ಕರ್ನಲ್ಲಿಗೆ ಹೇಳುವ ಉಪಾಯವಿದೆ. ಅದನ್ನು ಮಾಡಿಕೊಟ್ಟೆ. ಸಾಲುಗಳು ಸಾವಕಾಶ ಇಳಿದವು, ಸಾಹುಕಾರರು ಕಣ್ಣು ಮುಚ್ಚಿ ಕೈ ಮುಗಿದರು. ಕಂಪ್ಯೂಟರಿಗೆ ವೇಗ ಹಾಕಿಸಿಕೊಂಡು, ಮತ್ತೆ ಕರೆಸಿ ಅದನ್ನು ತೆಗೆಸಿಕೊಂಡ ಗಿರಾಕಿ ಭೂಮಿಯ ಮೇಲೆ ಅವರೊಬ್ಬರೇ ಇರಬೇಕು.

ಅಫಜಲಪುರದ ಹಸಿರು ಓಕೆ

ಕರ್ನಲ್ ತನ್ನ ವಿಚಾರಣೆ ಮುಗಿಸಿದ ಮೇಲೆ ಉಳಿದ ಕೆಲಸಗಳು ಒಂದೊಂದಾಗಿ ಶುರುವಾಗುತ್ತವೆ. ಶುರುವಾದದ್ದರ ಮುಂದೆಲ್ಲ ಹಸಿರು ಅಕ್ಷರದಲ್ಲಿ ಓಕೆ ಎಂದು ಬೀಳುತ್ತದೆ. ಅಫಜಲಪುರದಲ್ಲಿ ಜಾತಿ, ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿಕೊಡುವ ಒಂದು ಅಂಗಡಿಯಲ್ಲಿ ನಾನೇ ಕಂಪ್ಯೂಟರ್ ಕೂಡಿಸಿದ್ದೆ. ಒಂದು ದಿನ ನಾನು ಅಲ್ಲಿದ್ದಾಗ ಕರೆಂಟ್ ಹೋಗಿ ಬಂತು. ಅಂಗಡಿಯವರು ಚಹಾಕ್ಕೆ ಹೋಗಿದ್ದರು. ನಾನೇ ಕಂಪ್ಯೂಟರ್ ಹಚ್ಚಿದೆ. ಕಾಯುತ್ತಿದ್ದ ಮಂದಿಯೆಲ್ಲ ಎದ್ದು ಬಂದು ಪರದೆಗೆ ಮುತ್ತಿಕೊಂಡರು. ರುಮಾಲು ಸುತ್ತಿದ ಒಬ್ಬ ಹಿರಿಯರು, ಯಾರ್ಯಾರ ಅರ್ಜಿ ಓಕೆ ಆಯಿತು ಎಂದು ಕೇಳಿದರು.

ಇದು ಅರ್ಜಿ ಅಲ್ಲ, ಕಂಪ್ಯೂಟರ್ ತನ್ನ ಕೆಲಸಗಳನ್ನು ತಾನೇ ನೋಡಿಕೊಳ್ಳುತ್ತಿದೆ ಎಂದು ತಿಳಿಸಿ ಹೇಳಿದೆ. ಹಿರಿಯರು ತಲೆಯಾಡಿಸಿದರು.

"ಅಂದ್ರ ಅದರ ಕೆಲಸ ಅದೇ ಮಂಜೂರು ಮಾಡ್ಕೊಳ್ತದ?"

"ಹೌದ್ರಿ ಕಾಕಾ."

"ಹಂಗಾರ ನಂದೂ ಅದರ ಸಾಲಿನ್ಯಾಗ ನಿಂದ್ರಸವ್ವಾ. ನಮ್ಮ ಸಾಲು ಮುಂದ ಸರಿಯಾಕತ್ತಿಲ್ಲ."

ಮುಂದಿನ ವಾರ ಪಕ್ಕದ ಅರ್ಜಿ ಅಂಗಡಿಯವರು ನನ್ನನ್ನು ಹುಡುಕಿಕೊಂಡು ಆಳಂದಕ್ಕೇ ಬಂದರು. ತಮ್ಮಲ್ಲಿ ಓಕೆ ಕಾಣುವುದಿಲ್ಲ ಎಂದು ಮಂದಿ ಎದ್ದು ಹೋಗುತ್ತಿದ್ದಾರಂತೆ, ತಮಗೂ ಒಂದಿಷ್ಟು ಹಸಿರು ಹಾಕಿಕೊಡಬೇಕಂತೆ.

ಮಾದನಹಿಪ್ಪರಗಾದಿಂದ ಬಂದ ಗಂಟು

ಅಷ್ಟರಲ್ಲಿ ರಮ್ಜಾನ್ ಹತ್ತಿರ ಬಂತು. ಗಿರಾಕಿಗಳು ಬರುತ್ತಿದ್ದರು, ಆದರೆ ಜಾಗ ನನಗೇ ಉಳಿಯುತ್ತದೆ ಎಂದು ಅಬ್ಬಾ ಹೇಳಿರಲಿಲ್ಲ. ಒಂದು ಮಧ್ಯಾಹ್ನ ಟೈರು ಮಾರುವವರೊಬ್ಬರನ್ನು ಕರೆದುಕೊಂಡು ಬಂದು ನನ್ನ ಅಂಗಡಿಯ ಗೋಡೆ ತೋರಿಸತೊಡಗಿದರು. ಆಗಲೇ ಮಾದನಹಿಪ್ಪರಗಾದ ಹಾಲಿನ ಸಂಘದವರು ಚಾದರದಲ್ಲಿ ಕಂಪ್ಯೂಟರ್ ಕಟ್ಟಿಕೊಂಡು ಬಸ್ಸಿಳಿದು ಬಂದರು. ಅದು ಏಳುವುದೇ ಇಲ್ಲ ಎಂದರು.

ಹಚ್ಚಿದೆ. ಸಾಲುಗಳು ಓಡಿ ಓಡಿ ಒಂದು ಕಡೆ ನಿಂತವು. ಡಿಸ್ಕ್ ಕರೆದರೂ ಓಗೊಡುತ್ತಿಲ್ಲ ಎಂದು ಕರ್ನಲ್ ಮತ್ತೆ ಮತ್ತೆ ಬರೆಯಿತು. ಅದನ್ನು ಗಟ್ಟಿಯಾಗಿ ಓದಿ ಹೇಳಿ, ಡಬ್ಬಿ ಬಿಚ್ಚಿದೆ. ಒಳಗೆ ದನದ ಹಿಂಡಿಯ ಪುಡಿಯೋ ಪುಡಿ, ಅದರ ಮೇಲೆ ಕರಿ ಧೂಳು. ಸಂಘದಲ್ಲಿ ಹಿಂಡಿ ಚೀಲದ ಮೇಲೆಯೇ ಕಂಪ್ಯೂಟರ್ ಇಟ್ಟಿದ್ದರಂತೆ. ಡಿಸ್ಕಿನ ಕೇಬಲ್ ತೆಗೆದು, ಒರೆಸಿ, ಒತ್ತಿ ಕೂಡಿಸಿ ಮತ್ತೆ ಹಚ್ಚಿದೆ. ನಿಂತಿದ್ದ ಸಾಲು ದಾಟಿ ಮುಂದೆ ಓಡಿತು. ಮೊಣಕೈ ತನಕ ನನ್ನ ಕೈ ಕರ್ರಗಾಗಿತ್ತು. ಅಬ್ಬಾ ಒಮ್ಮೆ ಪರದೆ ನೋಡಿದರು, ಒಮ್ಮೆ ನನ್ನ ಕೈ ನೋಡಿದರು.

ಜಾಗದ ಮಾತು ಏನಾಯಿತು ಎಂದು ಟೈರಿನವರು ಕೇಳಿದರು.

"ಮುಂದಿಂದು ಕೊಡಾಕ ಆಗಂಗಿಲ್ರಿ," ಎಂದರು ಅಬ್ಬಾ. "ಇಲ್ಲಿ ಕೆಲಸ ನಡದದ. ಹಿಂದಿಂದು ಬೇಕಂದ್ರ ತಗೋರಿ, ಅಲ್ಲಿ ನಾ ಒಬ್ಬನೇ ಇರ್ತೇನಿ, ಅದೂ ನಿದ್ದಿ ಮಾಡಾಕ."

ಬ್ಯಾಂಕಿನಿಂದ ಫೋನು

ಖುಷಿಗೆ ಆ ದಿನ ನನಗೆ ಊಟವೇ ಸೇರಲಿಲ್ಲ. ಆದರೂ ಒಂದು ಕೊರಗು ಉಳಿಯಿತು. ಅಬ್ಬಾ ಜಾಗ ಕೊಟ್ಟರು, ನನ್ನನ್ನು ಮೆಕ್ಯಾನಿಕ್ ಎಂದು ಮಾತ್ರ ಕರೆಯಲಿಲ್ಲ.

ಹಬ್ಬ ಕಳೆದ ಮೇಲೆ ಅವರು ಪಾಸ್‌ಬುಕ್ ತುಂಬಿಸಲು ಬ್ಯಾಂಕಿಗೆ ಹೋದರು. ಸ್ವಲ್ಪ ಹೊತ್ತಿಗೆ ನನಗೆ ಫೋನು ಬಂತು. ಬ್ಯಾಂಕಿನ ಸಾಹೇಬರು ಮಾತಾಡುತ್ತಿದ್ದರು, ದನಿ ಸೋತಿತ್ತು.

"ಮೇಡಮ್, ಇಲ್ಲೊಬ್ರು ಹಿರಿಯರು ಕೌಂಟರಿನ ಒಳಗ ಬಂದು ಕುಂತಾರ್ರಿ. ನಮ್ಮ ಕಂಪ್ಯೂಟರ್ ಚಾಲೂ ಆಗೂದು ತಡ ಆಗ್ಯಾದ, ಬರೇ ಲೋಗೋ ತಿರಗಾಕತ್ತದ. ಆ ಲೋಗೋ ತೆಗೀರಿ, ಒಳಗ ಏನ್ ನಡದದ ಗಿರಾಕಿಗಿ ತೋರಸ್ರಿ ಅಂತ ಹಟ ಹಿಡದಾರ. ನಮಗ ಬರಂಗಿಲ್ಲ ಅಂದ್ರ, ಹಂಗಾರ ನಮ್ಮ ಮೆಕ್ಯಾನಿಕ್ ಬರೂತನಕ ಏಳಂಗಿಲ್ಲ ಅಂತ ಹೇಳಿ ಈ ನಂಬರ್ ಕೊಟ್ಟಾರ. ಅವರ ಮೆಕ್ಯಾನಿಕ್ ನೀವೇ ಏನ್ರಿ?"

"ಹೌದ್ರಿ," ಎಂದೆ. "ಅದೇ ಮಾತು ನನಗ ಇನ್ನೊಮ್ಮೆ ಕೇಳ್ರಿ."