ಭಾವ ಬೂಟು ಬಿಚ್ಚಿದ್ದು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ – ಈ ನಾಲ್ಕೂ ತಾಲೂಕುಗಳಲ್ಲಿ ಆ ಕಾಲಕ್ಕೆ ಯಾರೂ ಬೆನ್ನಟ್ಟದಿದ್ದರೂ ಓಡುತ್ತಿದ್ದ ಗೃಹಸ್ಥರು ಒಬ್ಬರೇ ಒಬ್ಬರು. ಅವರಿಗೇ ನಮ್ಮ ಅಕ್ಕನನ್ನು ಕೊಟ್ಟು ಕುಳಿತಿದ್ದೆವು!

ಭಾವ ಹೈಸ್ಕೂಲಿನ ಗಣಿತದ ಮಾಸ್ತರು. ವರ್ಗವಾದ ಊರಲ್ಲೆಲ್ಲ ಬೆಳಗಿನ ಆರಕ್ಕೆ ಬಿಳಿ ಕ್ಯಾನ್ವಾಸ್ ಬೂಟು ಕಟ್ಟಿಕೊಂಡು ಓಡಿದವರು. ಇದು ತೊಂಬತ್ತರ ದಶಕದ ಮಾತು. ಮಾಸ್ತರರು ಓಡುತ್ತಾರೆಂದರೆ ಜನಕ್ಕೆ ಎರಡೇ ಅರ್ಥ: ಬಸ್ಸು ತಪ್ಪಿದೆ, ಇಲ್ಲವೇ ಎಮ್ಮೆ ತಪ್ಪಿಸಿಕೊಂಡಿದೆ. ಇಂಡಿಯಲ್ಲಿದ್ದಾಗ ಅಗರಖೇಡದ ಕಡೆ ಹೊರಟ ಬಸ್ಸಿನ ಕಂಡಕ್ಟರ್ ಇವರ ಪಕ್ಕದಲ್ಲೇ ಬಸ್ಸು ನಿಲ್ಲಿಸಿ, ಬೇಡವೆಂದರೂ ಕೇಳದೆ ರೆಟ್ಟೆ ಹಿಡಿದು ಹತ್ತಿಸಿಕೊಂಡಿದ್ದ. ಸಿಂದಗಿಯಲ್ಲಿ ಇಬ್ಬರು ರೈತರು ಹಗ್ಗ ಹಿಡಿದು ಅರ್ಧ ಮೈಲಿ ಜೊತೆಗೆ ಓಡಿ, ಎಮ್ಮೆ ಎತ್ತ ಹೋಯಿತೆಂದು ಕೇಳಿದ್ದರು. ಎಮ್ಮೆಯೇ ಇಲ್ಲವೆಂದು ತಿಳಿದಾಗ ಅವರಿಗೆ ಅಷ್ಟು ಸಿಟ್ಟು ಯಾಕೆ ಬಂತೆಂಬುದು ಭಾವನಿಗೆ ಕೊನೆಗೂ ಅರ್ಥವಾಗಲಿಲ್ಲ.

ಅವರು ಮುದ್ದೇಬಿಹಾಳಕ್ಕೆ ಬಂದಾಗ ನನಗೂ ಅಲ್ಲೇ ನೌಕರಿ ಸಿಕ್ಕಿ, ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿ ಇದ್ದೆ. ಅದೇ ವರ್ಷ ಭಾವನಿಗೆ ಸಕ್ಕರೆ ಕಾಯಿಲೆ ಗಂಟುಬಿತ್ತು. ಡಾಕ್ಟರು ಓಡಬೇಡಿ ಎನ್ನಲಿಲ್ಲ. ಆದರೆ ಬರಿಗಾಲಲ್ಲಿ ಒಂದು ಹೆಜ್ಜೆಯನ್ನೂ ಇಡಕೂಡದು, ಒಂದು ಮುಳ್ಳು ನೆಟ್ಟು ಕೀವಾದರೂ ಕಾಲನ್ನೇ ತೆಗೆಯಬೇಕಾದೀತು ಎಂದು ಅಕ್ಕನ ಎದುರಿಗೇ ಹೇಳಿದರು. ಅಡುಗೆ ಮನೆಯ ಹತ್ತಿರ ಚಪ್ಪಲಿ ಕಂಡರೆ ಇಡೀ ಮನೆ ತೊಳೆಯುತ್ತಿದ್ದ ನನ್ನ ಅಕ್ಕ, ಅಂದು ಸಂಜೆ ತಾನೇ ಒಂದು ಜೊತೆ ರಬ್ಬರ್ ಚಪ್ಪಲಿ ತಿಕ್ಕಿ ತೊಳೆದು, ಭಾವ ಊಟಕ್ಕೆ ಕೂಡುವ ಮಣೆಯ ಪಕ್ಕದಲ್ಲಿ ತಂದಿಟ್ಟಳು. ಅವಳು ಎಷ್ಟು ಹೆದರಿದ್ದಾಳೆಂದು ನನಗೆ ಗೊತ್ತಾದದ್ದು ಆಗ.

ಇಂಥ ಮನುಷ್ಯನಿಗೆ ಹುಟ್ಟಲೇಬಾರದ ಕುತೂಹಲ ಯಾವುದು ಹೇಳಿ? ಅದೇ ಹುಟ್ಟಿತು! ಭಜಿ ಕಟ್ಟಿಕೊಟ್ಟ ಹಳೆಯ ಪೇಪರಿನ ತುಂಡಿನಲ್ಲಿ, ಯಾವುದೋ ದೇಶದಲ್ಲಿ ಬೂಟಿಲ್ಲದೆ ಓಡುವವರ ಸುದ್ದಿಯಿತ್ತು. ಎಣ್ಣೆ ಹೀರಿ ಅರ್ಧ ಮಾಸಿದ್ದ ಆ ತುಂಡನ್ನು ಭಾವ ಕಿಸೆಯಲ್ಲಿಟ್ಟುಕೊಂಡು ಕಂಡವರಿಗೆಲ್ಲ ತೋರಿಸಿದರು. ತಮ್ಮ ಬೂಟು ಹೊಲಿಯುವ ಮುದುಕನಿಗೂ ತೋರಿಸಿದರು. ಆತ ತನ್ನ ಬರಿಗಾಲನ್ನು ಮುಂದೆ ಚಾಚಿ, ತಾನು ಹುಟ್ಟಿದಾಗಿನಿಂದ ಹೀಗೇ ತಿರುಗುತ್ತಿದ್ದರೂ ಯಾರೂ ಪೇಪರಿನಲ್ಲಿ ಹಾಕಲಿಲ್ಲವಲ್ಲ ಎಂದು ವಿಚಾರಿಸಿದ.

ಅಕ್ಕ ನನ್ನನ್ನು ಕಾವಲಿಗೆ ಹಾಕಿದಳು. ಸೈಕಲ್ ಮೇಲೆ ಹಿಂದೆ ಹೋಗಿ ಬೂಟು ಬಿಚ್ಚದಂತೆ ನೋಡಿಕೊಳ್ಳಬೇಕು. ಮೂರು ದಿನ ಕಣ್ಣಲ್ಲಿ ಕಣ್ಣಿಟ್ಟು ಕಾದೆ. ನಾಲ್ಕನೆಯ ದಿನ ಭಾವ ಬಸ್ ಸ್ಟ್ಯಾಂಡಿನ ಬಿಸಿ ಮಿರ್ಚಿ ಭಜಿ ಕೊಡಿಸಿದರು. ಎರಡನೆಯ ಪ್ಲೇಟು ಮುಗಿಯುವಷ್ಟರಲ್ಲಿ ನಾನು ಅವರ ಕಡೆಯವನಾಗಿದ್ದೆ.

ಊರ ಹೊರಗಿನ ಕಳ್ಳಿ ಬೇಲಿಯಲ್ಲಿ ಬೂಟು ಬಚ್ಚಿಟ್ಟು ಹೊರಟೆವು. ಅಲ್ಲಿಯೇ ನಾವು ಎಡವಿದ್ದು. ಬೂಟು ಹಾಕಿ ಓಡಿದರೆ ಎಮ್ಮೆ; ಬರಿಗಾಲಲ್ಲಿ ಓಡಿದರೆ ಸಾವು! ನಮ್ಮ ಕಡೆ ದೊಡ್ಡ ಮನುಷ್ಯ ಚಪ್ಪಲಿ ಮೆಟ್ಟುವಷ್ಟೂ ಪುರುಸೊತ್ತಿಲ್ಲದೆ ಓಡುವುದು ಆ ಒಂದೇ ಸುದ್ದಿಗೆ. ಹಾಲು ತರುತ್ತಿದ್ದ ಹೆಂಗಸು ಕೊಡ ಇಳಿಸಿ ಯಾರು ಹೋದರೆಂದು ಕೇಳಿದಳು. ಉಸಿರು ಕಟ್ಟಿದ್ದ ಭಾವ ಸುಮ್ಮನೆ ಕೈ ಅಲ್ಲಾಡಿಸಿದರು. ಆಕೆ ಏನು ತಿಳಿದುಕೊಂಡಳೋ, ಸುದ್ದಿ ಬಾಯಿಂದ ಬಾಯಿಗೆ ಹೋಗಿ ಸತ್ತವರು ಭಾವನೇ ಎಂದಾಯಿತು; ನಾವು ಮನೆ ಮುಟ್ಟುವುದರೊಳಗೆ ನಾಲ್ಕು ಜನ ಟವೆಲ್ ಹೆಗಲಿಗೆ ಹಾಕಿಕೊಂಡು ಕಟ್ಟೆಯ ಮೇಲೆ ಗಂಭೀರವಾಗಿ ಕೂತಿದ್ದರು. ಭಾವನನ್ನು ಜೀವಂತ ನೋಡಿ ಒಬ್ಬರಿಗೆ ಸ್ವಲ್ಪ ನಿರಾಸೆಯಾದಂತೆಯೂ ಕಂಡಿತು.

ಅಕ್ಕ ಎಲ್ಲರಿಗೂ ಚಹಾ ಕೊಟ್ಟು ಕಳಿಸಿದಳು. ಆಮೇಲೆ ಭಾವನ ಎರಡೂ ಪಾದಗಳನ್ನು ಬೆಳಕಿಗೆ ಹಿಡಿದು ಬೆರಳು ಬೆರಳು ಬಿಡಿಸಿ ನೋಡಿದಳು. ಏನೂ ಆಗಿರಲಿಲ್ಲ. ನನ್ನ ಕಡೆ ತಿರುಗಿ, “ಅವರ ಕಾಲ ಹೋದ್ರ ನಾ ಏನ ಮಾಡ್ಲೊ?” ಎಂದಳು.

ಇಷ್ಟಾದ ಮೇಲೆ ಹುಚ್ಚು ಬಿಡಬೇಕಲ್ಲ? ಬಿಡಲಿಲ್ಲ. “ಇನ್ನೊಂದ ಸಲ. ಅದ ಕಡೀದು,” ಎಂದು ನನ್ನನ್ನು ಹಿತ್ತಿಲಲ್ಲಿ ಹಿಡಿದು ಕೇಳಿಕೊಂಡರು. ಈ ಸಲ ಪೇಪರಿನ ತುಂಡು ತೆಗೆಯಲಿಲ್ಲ, ಮಿರ್ಚಿಯ ಮಾತಾಡಲಿಲ್ಲ. ಬೇಡುವ ಸ್ವಭಾವದವರಲ್ಲ ಅವರು. ಆ ಮುಖ ನೋಡಿ ನನಗೆ ಇಲ್ಲವೆನ್ನಲಾಗಲಿಲ್ಲ.

ಭಾನುವಾರ ಜೋಳ ಕೊಯ್ದ ಹೊಲಗಳ ನಡುವಿನ ಬಂಡಿದಾರಿಗೆ ಹೋದೆವು. ಒಂದು ಬದಿಗೆ ಜಾಲಿ, ಇನ್ನೊಂದು ಬದಿಗೆ ಚೂಪಾಗಿ ನಿಂತ ಜೋಳದ ಕೂಳೆ. ನಾನು ಸೈಕಲ್ ಬದಿಗೆ ಒಗೆದು, ಬಗ್ಗಿಕೊಂಡು ಮುಳ್ಳು ಹೆಕ್ಕುತ್ತ ಅವರ ಮುಂದೆ ಮುಂದೆ ಓಡಿದೆ. ಓಟ ಅವರದು, ಏದುಸಿರು ನನ್ನದು! ಅವರ ಕಾಲು ನೆಲ ಮುಟ್ಟಿದಾಗಲೆಲ್ಲ ನನ್ನ ಜೀವ ಕೈಗೆ ಬರುತ್ತಿತ್ತು. ಬೇವಿನ ಗಿಡದ ತನಕ ಓಡಿ ನಿಂತು ಭಾವ ನಕ್ಕರು.

“ನೋಡಿದಿಲ್ಲೊ, ಒಂದೂ ನಟ್ಟಿಲ್ಲ.”

ನಾನು ಬಂದ ದಾರಿಯನ್ನು ನೋಡಿದೆ. ಧೂಳಿನಲ್ಲಿ ಎಡಗಾಲಿನ ಗುರುತು ಇದ್ದಲ್ಲೆಲ್ಲ ಒಂದೊಂದು ಕೆಂಪು ಚುಕ್ಕೆ. ಅದು ದೂರದ ತಿರುವಿನಿಂದ ಶುರುವಾಗಿತ್ತು. ಕಾಲು ಎತ್ತಿ ನೋಡಿದರೆ ಹಿಮ್ಮಡಿಯಲ್ಲಿ ಜಾಲಿ ಮುಳ್ಳು ಆಳಕ್ಕೆ ಇಳಿದು ಮುರಿದಿತ್ತು.

ಭಾವ ಅಲ್ಲೇ ಕುಸಿದು ಕೂತರು. “ಎರಡ ತಿಂಗಳಾತು, ಬೂಟಿನಾಗ ಕಾಲ ಅದಾವೊ ಇಲ್ಲೊ ಗೊತ್ತಾಗವಲ್ದು. ಬರಿಗಾಲಲೆ ಓಡಿದ್ರರ ತಿಳದೀತು ಅಂತ ಮಾಡಿದ್ನಿ.” ಆಮೇಲೆ ನನ್ನ ಕೈ ಹಿಡಿದುಕೊಂಡರು. “ಮುಳ್ಳ ನಟ್ಟದ್ದು ನಿಮ್ಮಕ್ಕಗ ಹೇಳು. ನೋವಾಗಿಲ್ಲ ಅನ್ನೂದ ಹೇಳಬ್ಯಾಡ.”

ಕಾಲು ಉಳಿಯಿತು ಎಂದು ಈಗಲೇ ಹೇಳಿಬಿಡುತ್ತೇನೆ. ದವಾಖಾನೆಗೆ ತಿಂಗಳೊಪ್ಪತ್ತು ಅಲೆದು, ಪಟ್ಟಿ ಕಟ್ಟಿಸಿಕೊಂಡ ಮೇಲೆ ಉಳಿಯಿತು. ಭಾವ ಮತ್ತೆ ಬೂಟು ಬಿಚ್ಚಲಿಲ್ಲ. ಆದರೆ ನನಗೆ ಮರೆಯಲಾಗದ್ದು ಅಂದು ದವಾಖಾನೆಗೆ ಆಟೋ ಬರುವ ಮೊದಲಿನ ಐದು ನಿಮಿಷ.

ಅಕ್ಕ ಬೈಯಲಿಲ್ಲ. ಕಟ್ಟೆಯ ಮೇಲೆ ಕೂತು ಭಾವನ ಕಾಲನ್ನು ತೊಡೆಯ ಮೇಲೆ ಎಳೆದುಕೊಂಡು, ಬಳೆಗೆ ಸಿಗಿಸಿದ್ದ ಪಿನ್ನು ತೆಗೆದು, ನಾನು ಹಚ್ಚಿ ತಂದ ಎಣ್ಣೆ ದೀಪಕ್ಕೆ ಹಿಡಿದಳು. ಭಾವ ಮುಖ ಆ ಕಡೆ ತಿರುಗಿಸಿ, ಹಲ್ಲು ಕಚ್ಚಿ, “ಆಯ್ ಆಯ್, ಹಗೂರಕ ತೆಗಿ, ಭಾಳ ನೋಯ್ತೈತಿ,” ಎಂದು ಇಡೀ ಓಣಿಗೆ ಕೇಳುವಂತೆ ನರಳಿದರು.

ಪಿನ್ನು ಇನ್ನೂ ದೀಪದ ಮೇಲೆಯೇ ಇತ್ತು.

ಅಕ್ಕ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ. ಅವಳಿಗೆ ಎಲ್ಲ ತಿಳಿಯಿತು. ತುಟಿ ಬಿಗಿಹಿಡಿದು ಪಿನ್ನಿನಿಂದ ಹಿಮ್ಮಡಿಯ ಚರ್ಮ ಬಿಡಿಸಿದಳು, ಮುಳ್ಳನ್ನು ಎಳೆದು ತೆಗೆದಳು. ರಕ್ತ ಬಂತು. ಅಷ್ಟಾದರೂ ಭಾವ ಗೋಡೆ ನೋಡುತ್ತ ಸುಮ್ಮನೆ ಕೂತಿದ್ದರು, ಯಾವಾಗ ಕೂಗಬೇಕೆಂದು ತಿಳಿಯದೆ. ನನಗೆ ಅಳು ತಡೆಯಲಾಗಲಿಲ್ಲ.

ಅಕ್ಕ ಮುಳ್ಳನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು.

“ಈಗ ತೆಗೀತೀನ್ರಿ,” ಎಂದಳು. “ಸ್ವಲ್ಪ ತಡಕೊಳ್ರಿ.”

ಭಾವ ಜೋರಾಗಿ ಕೂಗಿದರು.